ಹ್ಯಾಮ್‌ನ ಹಣೆಬರಹ

ಅಂಗಡಿಯಿಂದ ತಂದ ಹ್ಯಾಮ್ ಪ್ಯಾಕೆಟ್ ಬಿಚ್ಚಿ, ಒಂದು ತೆಳು ಹೋಳನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಹೋಳು ಬಳುಕುತ್ತದೆ, ಹರಿಯುವುದಿಲ್ಲ. ಕೆಟ್ಟದ್ದಾದರೆ ನಡುವೆ ತೂತು ಕಾಣುತ್ತದೆ, ಒಂದು ಕಡೆ ಬಣ್ಣ ಬಿಳಿಚಿಕೊಂಡು ಮುಟ್ಟಿದರೆ ಹಿಟ್ಟಿನಂತೆ ಉದುರುತ್ತದೆ, ಪ್ಯಾಕೆಟ್‌ನ ತಳದಲ್ಲಿ ನೀರು ನಿಂತಿರುತ್ತದೆ. ಕೊಂಡವರು ಕಾರ್ಖಾನೆಯನ್ನು ಬೈಯುತ್ತಾರೆ. ಸರಿಯಾಗಿ ಬೇಯಿಸಿಲ್ಲ, ತೂಕಕ್ಕೆಂದು ನೀರು ತುಂಬಿದ್ದಾರೆ ಎನ್ನುತ್ತಾರೆ. ನೀರಿನ ದೂರು ಎಷ್ಟೋ ಸಲ ನಿಜವೇ. ಆದರೆ ಆ ತೂತು, ಆ ಬಿಳಿಚು ಹೆಚ್ಚಾಗಿ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಮಾಂಸ ಕಾರ್ಖಾನೆಯ ಬಾಗಿಲಿಗೆ ಬರುವ ಮೊದಲೇ, ಹಂದಿ ಸತ್ತ ಮುಕ್ಕಾಲು ಗಂಟೆಯೊಳಗೆ ಅದು ತೀರ್ಮಾನವಾಗಿರುತ್ತದೆ. ಕೆಲವೊಮ್ಮೆ ಇನ್ನೂ ಹಿಂದೆ, ಆ ಹಂದಿ ಹುಟ್ಟುವ ಮೊದಲೇ, ಅದರ ತಂದೆತಾಯಿಯ ವಂಶವಾಹಿಯಲ್ಲಿ.

ಸಾಸೇಜ್, ಬೇಕನ್, ಸಲಾಮಿ, ಹ್ಯಾಮ್ ಎಂದರೆ ಉಳಿದ, ಎರಡನೇ ದರ್ಜೆಯ ಮಾಂಸವನ್ನು ಮಸಾಲೆ ಹಾಕಿ ಮರೆಮಾಚುವ ದಾರಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಸಾರಿಗೆ ಹಾಕುವ ಮಾಂಸದ ಸಣ್ಣಪುಟ್ಟ ದೋಷಗಳನ್ನು ಒಲೆ, ಖಾರ, ಹುಳಿ ನುಂಗಿಕೊಳ್ಳುತ್ತವೆ. ಹ್ಯಾಮ್ ಏನನ್ನೂ ನುಂಗುವುದಿಲ್ಲ. ಹಸಿ ಮಾಂಸದಲ್ಲಿ ಇದ್ದದ್ದನ್ನೆಲ್ಲ ಅದು ದೊಡ್ಡದು ಮಾಡಿ ತೋರಿಸುತ್ತದೆ.

ಕಾರಣ ನೀರು. ಕೊಬ್ಬಿಲ್ಲದ ಹಂದಿಮಾಂಸದಲ್ಲಿ ಸುಮಾರು ಶೇ 75ರಷ್ಟು ನೀರಿದೆ, ಶೇ 20ರ ಆಸುಪಾಸು ಪ್ರೋಟೀನು. ಅಷ್ಟು ನೀರನ್ನು ಇಷ್ಟೇ ಪ್ರೋಟೀನು ಹಿಡಿದಿಟ್ಟುಕೊಂಡಿರುತ್ತದೆ. ಅದರಲ್ಲೂ ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳ ನಡುವಿನ ಜಾಗದಲ್ಲಿ ನೀರು ಸಿಕ್ಕಿಕೊಂಡಿರುತ್ತದೆ. ಉಪ್ಪು ಹಾಕಿದಾಗ ಮಯೋಸಿನ್ ಬಿಚ್ಚಿಕೊಂಡು ಅಂಟಾಗುತ್ತದೆ. ಸಾಸೇಜಿನ ಖೀಮಾ ಕೈಗೆ ಅಂಟುವುದು, ಬೇಯಿಸಿದ ಹ್ಯಾಮ್‌ನಲ್ಲಿ ನಾಲ್ಕಾರು ಬಿಡಿ ಖಂಡಗಳು ಒಂದೇ ಮುದ್ದೆಯಾಗಿ ಕೂಡಿಕೊಳ್ಳುವುದು ಈ ಅಂಟಿನಿಂದಲೇ. ಮಯೋಸಿನ್ ಕೆಟ್ಟರೆ ನೀರೂ ನಿಲ್ಲದು, ಅಂಟೂ ಹುಟ್ಟದು. ಆಮೇಲೆ ಯಾವ ಯಂತ್ರ ತಂದರೂ ಪ್ರಯೋಜನ ಅಷ್ಟಕ್ಕಷ್ಟೇ.

ಮಯೋಸಿನ್ ಕೆಡುವ ಬಗೆ ವಿಚಿತ್ರವಾದದ್ದು. ಬದುಕಿರುವ ಹಂದಿಯ ಸ್ನಾಯುವಿನ ಪಿಎಚ್ ಸುಮಾರು 7, ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಸತ್ತ ಮೇಲೆ ರಕ್ತದ ಓಡಾಟ ನಿಲ್ಲುತ್ತದೆ, ಆಮ್ಲಜನಕ ಸಿಗುವುದಿಲ್ಲ, ಆದರೂ ಸ್ನಾಯು ತಾನಿನ್ನೂ ಬದುಕಿದ್ದೇನೆ ಎಂಬಂತೆ ತನ್ನಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಸಕ್ಕರೆಯನ್ನು ಒಡೆಯುತ್ತಾ ಹೋಗುತ್ತದೆ. ಅದು ಲ್ಯಾಕ್ಟಿಕ್ ಆಮ್ಲವಾಗಿ ಅಲ್ಲೇ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಹಲವು ಗಂಟೆಗಳಲ್ಲಿ ಪಿಎಚ್ ನಿಧಾನವಾಗಿ 5.6ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಮಾಂಸ ತಣ್ಣಗಾಗಿರುತ್ತದೆ. ಈ ಇಳಿತ ಒಳ್ಳೆಯದು, ಬೇಕಾದದ್ದು. ಮಾಂಸಕ್ಕೆ ರುಚಿ, ಬಣ್ಣ, ತಾಳಿಕೆ ಬರುವುದು ಇದರಿಂದ.

ಆದರೆ ಸಾಯುವ ಹೊತ್ತಿಗೆ ಹಂದಿ ಬೆದರಿ, ಓಡಿ, ಕಿರುಚಿ, ಏದುಸಿರು ಬಿಡುತ್ತಿದ್ದರೆ ಸ್ನಾಯು ಆಗಲೇ ಕುದಿಯುತ್ತಿರುತ್ತದೆ. ಆಮ್ಲ ಧುಮ್ಮಿಕ್ಕಿ ಬರುತ್ತದೆ. ಮುಕ್ಕಾಲು ಗಂಟೆಯಲ್ಲೇ ಪಿಎಚ್ 6ಕ್ಕಿಂತ ಕೆಳಗಿಳಿದಿರುತ್ತದೆ, ದೇಹದ ಬಿಸಿ ಮಾತ್ರ ಇನ್ನೂ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ. ಬಿಸಿ ಮತ್ತು ಆಮ್ಲ ಎರಡೂ ಒಟ್ಟಿಗೆ ಬಿದ್ದಾಗ ಪ್ರೋಟೀನು ತನ್ನ ಆಕಾರ ಕಳೆದುಕೊಳ್ಳುತ್ತದೆ. ಒಂದರ್ಥದಲ್ಲಿ ಆ ಮಾಂಸ ಒಲೆ ಕಾಣುವ ಮೊದಲೇ ಅರೆಬೆಂದಿರುತ್ತದೆ. ಬಣ್ಣ ಬಿಳಿಚುತ್ತದೆ, ಬೆರಳಿಟ್ಟರೆ ಕುಸಿಯುತ್ತದೆ, ಕತ್ತರಿಸಿಟ್ಟ ತಟ್ಟೆಯಲ್ಲಿ ನೀರು ಜಿನುಗುತ್ತದೆ. ಮಾಂಸ ವಿಜ್ಞಾನದವರು ಇದಕ್ಕೆ ಪಿಎಸ್‌ಇ ಎನ್ನುತ್ತಾರೆ. ಬಿಳಿಚಿದ, ಮೆತ್ತಗಾದ, ನೀರೊಸರುವ ಮಾಂಸ ಎಂಬುದರ ಮೂರಕ್ಷರದ ಹೆಸರು ಅದು.

ಕೊಬ್ಬಿಲ್ಲದ ಮಾಂಸದ ಹುಚ್ಚು

ಈ ದೋಷಕ್ಕೆ ಒಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಮನುಷ್ಯರ ಪಾಲು ದೊಡ್ಡದು. ಡೆನ್ಮಾರ್ಕ್‌ನ ಲುಡ್ವಿಗ್‌ಸೆನ್ 1950ರ ದಶಕದ ಮೊದಲಲ್ಲಿ ಇಂಥ ಮಾಂಸದ ಬಗ್ಗೆ ಬರೆದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ರಿಸ್ಕಿ 1964ರಲ್ಲಿ ಪ್ರಕಟಿಸಿದ ದೀರ್ಘ ಲೇಖನದ ನಂತರ ಅದು ಎಲ್ಲ ಕಡೆಯ ಮಾಂಸೋದ್ಯಮದ ತಲೆನೋವೆಂದು ಗುರುತಾಯಿತು. ಆ ಕಾಲಕ್ಕೇ ಏಕೆ ಹೆಚ್ಚಿತು? ಎರಡನೇ ಮಹಾಯುದ್ಧದ ನಂತರ ಸಸ್ಯಜನ್ಯ ಎಣ್ಣೆ ಅಗ್ಗವಾಗಿ ಹಂದಿಯ ನೆಣಕ್ಕೆ ಬೆಲೆ ಹೋಯಿತು. ಅದುವರೆಗೆ ಯುರೋಪಿನ, ಅಮೆರಿಕದ ಎಷ್ಟೋ ಅಡುಗೆಮನೆಗಳಲ್ಲಿ ನೆಣ ಕಾಯಿಸಿದ ಕೊಬ್ಬೇ ಎಣ್ಣೆಯ ಜಾಗದಲ್ಲಿತ್ತು. ಬೇಡಿಕೆ ಬಿದ್ದದ್ದೇ ತಡ, ಕೊಬ್ಬು ಕಡಿಮೆ, ಖಂಡ ಹೆಚ್ಚು ಇರುವ ಹಂದಿಗೆ ಹೆಚ್ಚು ಹಣ ಎಂದಾಯಿತು. ಸಾಕುವವರು ದಪ್ಪ ತೊಡೆಯ, ಅಗಲ ಬೆನ್ನಿನ ಹಂದಿಗಳನ್ನೇ ಆರಿಸಿ ಆರಿಸಿ ಕೂಡಿಸಿದರು. ಬೆಲ್ಜಿಯಂನ ಪಿಯೆಟ್ರೇನ್ ಎಂಬ ಹಳ್ಳಿಯ ಹೆಸರು ಹೊತ್ತ ತಳಿ ಇದರ ಪರಾಕಾಷ್ಠೆ. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಹಿಂಭಾಗದಲ್ಲಿ ಉಬ್ಬಿ ನಿಂತ ಖಂಡ. ನೋಡಿದವರು ಬೆರಗಾಗುವಂಥ ಪ್ರಾಣಿ. ಆದರೆ ಈ ಹಂದಿಗಳು ಲಾರಿ ಹತ್ತಿಸುವಾಗ, ಬಿಸಿಲಿಗೆ, ಜಗಳಕ್ಕೆ, ಎಷ್ಟೋ ಸಲ ಸುಮ್ಮನೆ ಗಾಬರಿಗೇ ಮೈ ಬಿಸಿಯೇರಿ ಸತ್ತು ಬೀಳುತ್ತಿದ್ದವು. ಸಾಯದೆ ಉಳಿದವುಗಳ ಮಾಂಸ ನೀರೊಸರುತ್ತಿತ್ತು.

ಇಂಥ ಹಂದಿಗಳನ್ನು ಪತ್ತೆಹಚ್ಚಲು 1974ರಲ್ಲಿ ನೆದರ್‌ಲೆಂಡ್ಸ್‌ನ ಐಕೆಲನ್‌ಬೂಮ್ ಮತ್ತು ಮಿಂಕೆಮಾ ಒಂದು ಸರಳ ಉಪಾಯ ಮುಂದಿಟ್ಟರು. ಮರಿಯ ಮೂತಿಗೆ ಮುಖವಾಡ ಹಾಕಿ ಹ್ಯಾಲೋಥೇನ್ ಎಂಬ ಅರಿವಳಿಕೆ ಅನಿಲವನ್ನು ಕೆಲವು ನಿಮಿಷ ಉಸಿರಾಡಿಸುವುದು. ಸಾಮಾನ್ಯ ಮರಿ ಮೈ ಸಡಿಲಬಿಟ್ಟು ನಿದ್ದೆ ಹೋಗುತ್ತದೆ. ದೋಷವಿರುವ ಮರಿಯ ಕಾಲುಗಳು ಕೋಲಿನ ಹಾಗೆ ಸೆಟೆದು ನಿಲ್ಲುತ್ತವೆ. ಅಂಥದ್ದನ್ನು ತಳಿಗೆ ಬಿಡಬಾರದು.

ಇಲ್ಲಿ ಹ್ಯಾಮ್‌ನ ಕಥೆ ಮನುಷ್ಯರ ಶಸ್ತ್ರಚಿಕಿತ್ಸಾ ಕೊಠಡಿಯನ್ನು ಮುಟ್ಟುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯ ಡೆನ್‌ಬರೊ ತಮ್ಮ ಸಹೋದ್ಯೋಗಿಯೊಡನೆ ಒಂದು ಪ್ರಕರಣ ಪ್ರಕಟಿಸಿದರು. ಕಾಲು ಮುರಿದುಕೊಂಡು ಬಂದ ಯುವಕನೊಬ್ಬನಿಗೆ ಮುರಿದ ಕಾಲಿಗಿಂತ ಅರಿವಳಿಕೆಯದೇ ಭಯ. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟ ಮೇಲೆ ಸತ್ತಿದ್ದರು. ಹ್ಯಾಲೋಥೇನ್ ಕೊಟ್ಟಾಗ ಅವನ ಮೈಯೂ ಬಿಸಿಯೇರಿತು, ಅದೃಷ್ಟವಶಾತ್ ಬದುಕಿದ. ಆ ಮನೆತನದ ಕಾಯಿಲೆಯೂ ಹಂದಿಯ ಗಾಬರಿ ಕಾಯಿಲೆಯೂ ಒಂದೇ ಬಗೆಯವು ಎಂಬುದು ಮುಂದೆ ತಿಳಿಯಿತು. ದಕ್ಷಿಣ ಆಫ್ರಿಕಾದ ಹ್ಯಾರಿಸನ್ 1975ರಲ್ಲಿ ಡ್ಯಾಂಟ್ರೊಲೀನ್ ಎಂಬ ಔಷಧಿಯಿಂದ ಇಂಥ ಹಂದಿಗಳನ್ನು ಉಳಿಸಿ ತೋರಿಸಿದರು. ಇಂದಿಗೂ ಮನುಷ್ಯರಿಗೆ ಕೊಡುವುದು ಅದನ್ನೇ. 1991ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮ್ಯಾಕ್‌ಲೆನನ್ ಅವರ ತಂಡ ಮೂಲವನ್ನೇ ಹಿಡಿಯಿತು. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲೊಂದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಬಾಗಿಲು ಒಮ್ಮೆ ತೆರೆದರೆ ಮುಚ್ಚಲು ಒಲ್ಲದು. ಆಮೇಲೆ ಮುಖವಾಡ ಬೇಕಾಗಲಿಲ್ಲ, ರಕ್ತದ ಒಂದು ಹನಿ ಸಾಕಾಯಿತು. ಹಲವು ದೇಶಗಳ ತಳಿಗಳಿಂದ ಆ ವಂಶವಾಹಿಯನ್ನು ಹೆಚ್ಚುಕಡಿಮೆ ಹೊರಹಾಕಲಾಯಿತು.

ಪಿಎಸ್‌ಇ ಮಾತ್ರ ಪೂರ್ತಿ ಹೋಗಲಿಲ್ಲ. ವಂಶವಾಹಿ ನಿರ್ದೋಷಿಯಾಗಿದ್ದರೂ ಕೊನೆಯ ಗಂಟೆಯಲ್ಲಿ ಹಿಂಸೆಪಟ್ಟ ಹಂದಿಯ ಮಾಂಸ ಕೆಡುತ್ತದೆ.

ಇನ್ನೊಂದು ವಂಶವಾಹಿ ಸಿಕ್ಕಿದ್ದು ಫ್ರಾನ್ಸಿನಲ್ಲಿ, ಅದೂ ಒಂದು ಅಡುಗೆಯಂಥ ಪರೀಕ್ಷೆಯಿಂದ. 1985ರಲ್ಲಿ ನವೊ, ಪೊಮ್ಮರೆ, ಲೆಶೊ ಎಂಬ ಮೂವರು, ಹ್ಯಾಮ್ ತಯಾರಾದ ಮೇಲೆ ತೂಕ ಎಷ್ಟು ಉಳಿಯುತ್ತದೆ ಎಂದು ಮೊದಲೇ ತಿಳಿಯಲು ಒಂದು ಹಾದಿ ಕಂಡುಕೊಂಡರು. ತೊಡೆಯ ಖಂಡದಿಂದ ನೂರು ಗ್ರಾಂನಷ್ಟು ತುಂಡು ತೆಗೆದು, ಉಪ್ಪುನೀರಿನಲ್ಲಿ ಒಂದು ದಿನ ನೆನೆಸಿ, ಹತ್ತು ನಿಮಿಷ ಬೇಯಿಸಿ, ನೀರು ಸೋಸಿ, ಮತ್ತೆ ತೂಗುವುದು. ಅಷ್ಟೇ. ಮೂವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ನಾಪೋಲ್ ಇಳುವರಿ ಎಂದು ಕರೆದರು. ಹ್ಯಾಂಪ್‌ಶೈರ್ ತಳಿಯ ರಕ್ತವಿದ್ದ ಹಂದಿಗಳ ತುಂಡುಗಳು ಎದ್ದು ಕಾಣುವಷ್ಟು ಕುಗ್ಗುತ್ತಿದ್ದವು. ಕಾರಣವಾದ ವಂಶವಾಹಿ 2000ರಲ್ಲಿ ಪತ್ತೆಯಾಯಿತು. ಅದು ಸ್ನಾಯುವಿನಲ್ಲಿ ಗ್ಲೈಕೋಜನ್ ಅನ್ನು ಸುಮಾರು ಶೇ 70ರಷ್ಟು ಹೆಚ್ಚು ತುಂಬಿಸುತ್ತದೆ. ಸಕ್ಕರೆ ಹೆಚ್ಚಿದರೆ ಆಮ್ಲವೂ ಹೆಚ್ಚು. ಹಂದಿ ಎಷ್ಟೇ ಶಾಂತವಾಗಿ ಸತ್ತರೂ ಪಿಎಚ್ ಕೊನೆಗೆ ಅತಿಯಾಗಿ ಕೆಳಗಿಳಿಯುತ್ತದೆ. ಇಲ್ಲೂ ಅದೇ ಪಾಠ ಮರುಕಳಿಸಿತು: ಈ ವಂಶವಾಹಿ ಇದ್ದ ಹಂದಿಯಲ್ಲಿ ಖಂಡ ಹೆಚ್ಚು. ರೈತನಿಗೆ ಲಾಭ ತಂದ ಗುಣವೇ ಹ್ಯಾಮ್ ಮಾಡುವವನಿಗೆ ನಷ್ಟ ತಂದಿತು. ತೂಕಕ್ಕೆ ಮಾತ್ರ ಹಣ ಕೊಡುವ ಪದ್ಧತಿ ಇರುವವರೆಗೆ ಇದು ತಪ್ಪದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಯಿಸಿದ ಹ್ಯಾಮ್ ತಯಾರಿಸುವಾಗ ಸೂಜಿಗಳ ಮೂಲಕ ಉಪ್ಪುನೀರನ್ನು ಖಂಡದೊಳಗೆ ಹಾಯಿಸಿ, ದೊಡ್ಡ ಪೀಪಾಯಿಯಲ್ಲಿ ಗಂಟೆಗಟ್ಟಲೆ ಹೊರಳಾಡಿಸುತ್ತಾರೆ. ಹೊರಳಾಟಕ್ಕೆ ಮಯೋಸಿನ್ ಹೊರಬಂದು ಅಂಟಾಗಬೇಕು. ಬಿಳಿಚಿದ ಖಂಡದಿಂದ ಅದು ಬರುವುದಿಲ್ಲ. ಬೇಯಿಸಿದಾಗ ಖಂಡಗಳು ಬಿಟ್ಟುಕೊಂಡು ತೂತು ಬೀಳುತ್ತದೆ. ಫಾಸ್ಫೇಟ್, ಪಿಷ್ಟ, ಅಂಟುಪುಡಿ ಹಾಕಿ ಇದನ್ನು ಸ್ವಲ್ಪ ಮಟ್ಟಿಗೆ ಮುಚ್ಚಬಹುದು, ಮುಚ್ಚುತ್ತಾರೆ ಕೂಡ. ಫ್ರಾನ್ಸಿನಲ್ಲಿ ಅತ್ಯುತ್ತಮ ದರ್ಜೆಯ ಬೇಯಿಸಿದ ಹ್ಯಾಮ್‌ಗೆ ಪಾಲಿಫಾಸ್ಫೇಟ್ ಸೇರಿಸುವಂತಿಲ್ಲ. ಹಾಗಾಗಿ ಅಲ್ಲಿನ ತಯಾರಕರಿಗೆ ಹಸಿ ಮಾಂಸವನ್ನು ಆರಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಪ್ಯಾಕೆಟ್‌ನ ಹಿಂಬದಿಯ ಪಟ್ಟಿ ಉದ್ದವಾದಷ್ಟೂ ಹಸಿ ಮಾಂಸದ ಮೇಲೆ ತಯಾರಕನಿಗಿದ್ದ ಭರವಸೆ ಕಡಿಮೆ ಎಂದೇ ನಾನು ಓದಿಕೊಳ್ಳುವುದು.

ಇದಕ್ಕೆ ತದ್ವಿರುದ್ಧದ ದೋಷವೂ ಇದೆ. ದಿನಗಟ್ಟಲೆ ಹಸಿದು, ಗುಂಪಿನಲ್ಲಿ ಕಾದಾಡಿ, ದೂರ ಪ್ರಯಾಣ ಮಾಡಿ ದಣಿದ ಹಂದಿಯಲ್ಲಿ ಗ್ಲೈಕೋಜನ್ ಮೊದಲೇ ಖಾಲಿಯಾಗಿರುತ್ತದೆ. ಆಮ್ಲವೇ ಹುಟ್ಟುವುದಿಲ್ಲ, ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಾಗಿ, ಬಿಗಿಯಾಗಿ, ಒಣಗಿದಂತೆ ಇರುತ್ತದೆ. ನೀರು ಹಿಡಿಯುವುದರಲ್ಲಿ ಇದು ಗಟ್ಟಿಗ, ಆದ್ದರಿಂದ ಬೇಯಿಸುವ ಸಾಸೇಜ್‌ಗೆ ನಡೆದೀತು. ಸಲಾಮಿಗೆ, ಒಣ ಹ್ಯಾಮ್‌ಗೆ ಮಾತ್ರ ಅಪಾಯ. ಆಮ್ಲದ ಕಾವಲಿಲ್ಲದ ಮಾಂಸದೊಳಗೆ ಉಪ್ಪು ಇಳಿಯುವ ಮೊದಲೇ ಬ್ಯಾಕ್ಟೀರಿಯಾ ಇಳಿಯುತ್ತದೆ.

ಪಾರ್ಮಾದ ಮೂಗು

ಹಸಿ ಮಾಂಸದ ಮಾತು ಬಂದಾಗ ಇಟಲಿಯ ಪಾರ್ಮಾ ಪ್ರಾಂತ್ಯವನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿನ ಹ್ಯಾಮ್‌ಗೆ ಹಂದಿಯ ಹಿಂದೊಡೆ, ಸಮುದ್ರದ ಉಪ್ಪು, ಗಾಳಿ, ಕಾಲ ಇವಿಷ್ಟೇ ಸಾಮಗ್ರಿ. ನೈಟ್ರೈಟ್ ಇಲ್ಲ, ಹೊಗೆ ಇಲ್ಲ, ಬೇಯಿಸುವುದೂ ಇಲ್ಲ. ಮರೆಮಾಚಲು ಏನೂ ಇಲ್ಲದ್ದರಿಂದ 1963ರಲ್ಲಿ ಹುಟ್ಟಿದ ತಯಾರಕರ ಒಕ್ಕೂಟದ ನಿಯಮಗಳಲ್ಲಿ ದೊಡ್ಡದೊಂದು ಭಾಗ ಹಂದಿಯ ಬಗ್ಗೆಯೇ ಇದೆ. ಬೇರೆಡೆ ಆರು ತಿಂಗಳಿಗೆ ನೂರಿಪ್ಪತ್ತು ಕೆಜಿಯಾಗುವಷ್ಟರಲ್ಲಿ ಹಂದಿ ಕಡಿಯುತ್ತಾರೆ. ಪಾರ್ಮಾ ಹಂದಿಗೆ ಕನಿಷ್ಠ ಒಂಬತ್ತು ತಿಂಗಳಾಗಿರಬೇಕು. ಅಲ್ಲಿನ ರೂಢಿಯ ತೂಕ 160 ಕೆಜಿ ಸುಮಾರು. ಬಲಿತ ಹಂದಿಯ ಖಂಡದಲ್ಲಿ ನೀರಿನಂಶ ಕಡಿಮೆ, ಬಣ್ಣ ಗಾಢ, ಮೇಲಿನ ನೆಣದ ಪದರ ದಪ್ಪ. ಈ ಪದರ ಇಲ್ಲದಿದ್ದರೆ ವರ್ಷಕ್ಕೂ ಹೆಚ್ಚು ಕಾಲ ತೂಗುವ ತೊಡೆ ಒಣಗಿ ಕೊರಡಾಗುತ್ತದೆ.

ಆ ನೆಣ ಗಟ್ಟಿಯಾಗಿಯೂ ಇರಬೇಕು. ಹಂದಿಗೆ ಹಸುವಿನ ಹಾಗೆ ಮೆಲುಕು ಹಾಕುವ ಹೊಟ್ಟೆಯಿಲ್ಲ. ತಿಂದ ಎಣ್ಣೆಯ ಗುಣ ಹೆಚ್ಚುಕಡಿಮೆ ಹಾಗೇ ಅದರ ಕೊಬ್ಬಿಗೆ ಇಳಿಯುತ್ತದೆ. ಎಣ್ಣೆಯಂಶ ಹೆಚ್ಚಿರುವ ಮೇವು ತಿಂದರೆ ನೆಣ ಮೆತ್ತಗಾಗಿ ಬೇಗ ಕಮಟುತ್ತದೆ. ಅದಕ್ಕೆ ಪಾರ್ಮಾದಲ್ಲಿ, ನೆಣವನ್ನು ಮೆತ್ತಗೆ ಮಾಡುವ ಲಿನೊಲೀಯಿಕ್ ಆಮ್ಲ ಅದರಲ್ಲಿ ಶೇ 15 ಮೀರಬಾರದು, ನೆಣ ಎಷ್ಟು ಮೆತ್ತಗೆ ಎಂದು ಹೇಳುವ ಅಯೋಡಿನ್ ಸಂಖ್ಯೆ 70 ದಾಟಬಾರದು ಎಂಬ ಮಿತಿ. ಪಕ್ಕದಲ್ಲೇ ಹೆಸರುವಾಸಿ ಪಾರ್ಮಿಜಾನೊ ಚೀಸ್ ತಯಾರಾಗುತ್ತದೆ. ಅಲ್ಲಿ ಉಳಿಯುವ ಹಾಲೊಡಕಿನ ನೀರು ಈ ಹಂದಿಗಳಿಗೆ ಹಳೆಯ ಕಾಲದಿಂದ ಸಲ್ಲುತ್ತ ಬಂದ ಮೇವು. ಅಮೆರಿಕದಲ್ಲಿ ಇದರ ಉಲ್ಟಾ ನಡೆಯಿತು. 2000ರ ದಶಕದಲ್ಲಿ ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆಗಳು ಎದ್ದು, ಅಲ್ಲಿನ ಎಣ್ಣೆಯಂಶ ಉಳಿದ ಚರಟ ಹಂದಿಯ ಅಗ್ಗದ ಮೇವಾಯಿತು. ಹೊಟ್ಟೆಭಾಗದ ನೆಣ ಮೆತ್ತಗಾಗಿ, ಬೇಕನ್ ಕೊಯ್ಯುವ ಯಂತ್ರದಲ್ಲಿ ಹೋಳುಗಳು ಜಾರಿ, ಒಂದಕ್ಕೊಂದು ಮೆತ್ತಿಕೊಳ್ಳತೊಡಗಿದವು. ಕಾರಿನ ಇಂಧನ ನೀತಿ ಬೆಳಗಿನ ಬೇಕನ್‌ವರೆಗೆ ಕೈಚಾಚಿತು.

ಹಾಗೆಂದು ಮೆತ್ತಗಿನ ನೆಣವೆಲ್ಲ ಕೆಟ್ಟದ್ದಲ್ಲ. ಸ್ಪೇನಿನ ಓಕ್ ತೋಪುಗಳಲ್ಲಿ ಉದುರಿದ ಕಾಯಿ ಮೇಯುವ ಐಬೀರಿಯನ್ ಹಂದಿಯ ನೆಣ ಬೆರಳ ಬಿಸಿಗೇ ಕರಗುತ್ತದೆ. ಅದರ ಅರ್ಧಕ್ಕೂ ಹೆಚ್ಚು ಭಾಗ ಓಲಿಯಿಕ್ ಆಮ್ಲ, ಆಲಿವ್ ಎಣ್ಣೆಯಲ್ಲಿರುವಂಥದೇ. ಅದು ಬೇಗ ಕಮಟದು, ವರ್ಷಗಟ್ಟಲೆ ತಾಳುತ್ತದೆ.

ಪಾರ್ಮಾಕ್ಕೆ ಮರಳೋಣ. ತೊಡೆಯನ್ನು ಹೆಪ್ಪುಗಟ್ಟಿಸುವಂತಿಲ್ಲ. ಹಂದಿ ಕಡಿದ 24 ಗಂಟೆಯೊಳಗೆ ಮುಟ್ಟುವಂತಿಲ್ಲ, 120 ಗಂಟೆ ಮೀರುವಂತಿಲ್ಲ. ಬಿಳಿಚಿದ ಅಥವಾ ಕಪ್ಪಾದ ತೊಡೆ ಕಂಡರೆ ವಾಪಸು. ಬಿಳಿಚಿದ್ದು ಉಪ್ಪನ್ನು ಅತಿಯಾಗಿ ಹೀರಿ ಕಡು ಉಪ್ಪಾಗುತ್ತದೆ, ತೂಕವನ್ನೂ ಹೆಚ್ಚು ಕಳೆದುಕೊಳ್ಳುತ್ತದೆ. ಒಪ್ಪಿಗೆಯಾದ ತೊಡೆಯ ತೊಗಲಿನ ಭಾಗಕ್ಕೆ ಒದ್ದೆ ಉಪ್ಪು, ಖಂಡಕ್ಕೆ ಒಣ ಉಪ್ಪು ಹಚ್ಚಿ ತಂಪಿನಲ್ಲಿಡುತ್ತಾರೆ. ಮುಗಿಯುವ ಹೊತ್ತಿಗೆ ತೂಕದ ಕಾಲು ಭಾಗಕ್ಕೂ ಹೆಚ್ಚು ಹೋಗಿರುತ್ತದೆ. ಮಾಂಸದ ಬಣ್ಣ ಕಾಪಾಡುವ ನೈಟ್ರೈಟ್ ಇಲ್ಲದೆಯೂ ಈ ಹ್ಯಾಮ್‌ನ ಕೆಂಪು ಹೇಗೆ ಉಳಿಯುತ್ತದೆ ಎಂಬ ಒಗಟನ್ನು 2004ರಲ್ಲಿ ಜಪಾನಿನ ಸಂಶೋಧಕರು ಬಿಡಿಸಿದರು. ಮಾಂಸದ ವರ್ಣದ್ರವ್ಯದಲ್ಲಿ ಕಬ್ಬಿಣ ಇದ್ದ ಜಾಗಕ್ಕೆ ನಿಧಾನವಾಗಿ ಸತುವು ಬಂದು ಕೂರುತ್ತದೆ. ಕೊನೆಗೆ ಪರೀಕ್ಷಕರು ಕುದುರೆಯ ಮೂಳೆಯಿಂದ ಮಾಡಿದ ಸೂಜಿಯನ್ನು ತೊಡೆಯ ಐದು ಜಾಗಗಳಲ್ಲಿ ಚುಚ್ಚಿ ಮೂಸಿ ನೋಡುತ್ತಾರೆ. ಆ ಮೂಳೆ ವಾಸನೆಯನ್ನು ತಟ್ಟನೆ ಹೀರುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಪಾಸಾದರೆ ತೊಗಲಿನ ಮೇಲೆ ಐದು ಮೊನೆಯ ಕಿರೀಟದ ಬರೆ.

ಇಷ್ಟು ಕಟ್ಟುನಿಟ್ಟಿದ್ದೂ ಮೋಸ ನಡೆಯಿತು. 2017ರ ಸುಮಾರಿಗೆ ಇಟಲಿಯ ತನಿಖೆಗಾರರು, ಬೇಗ ಬೆಳೆಯಲೆಂದು ಕೆಲವು ಸಾಕಣೆಯವರು ನಿಯಮ ಮೀರಿ ಡೆನ್ಮಾರ್ಕ್‌ನ ಡ್ಯೂರಾಕ್ ತಳಿಯ ಗಂಡಿನ ವೀರ್ಯ ಬಳಸಿದ್ದನ್ನು ಬಯಲಿಗೆಳೆದರು. ಅಪಾರ ಸಂಖ್ಯೆಯ ತೊಡೆಗಳಿಂದ ಪಾರ್ಮಾ ಎಂಬ ಹೆಸರು ಕಿತ್ತುಹೋಯಿತು. ಆ ಮಾಂಸ ವಿಷವಾಗಿರಲಿಲ್ಲ, ತಿನ್ನಲು ಅಡ್ಡಿಯೂ ಇರಲಿಲ್ಲ. ಆದರೂ ಹೆಸರು ಕಿತ್ತದ್ದು ನ್ಯಾಯವೇ. ಒಂಬತ್ತು ತಿಂಗಳ ತಾಳ್ಮೆಗೆ ಜನ ದುಬಾರಿ ಬೆಲೆ ಕೊಡುತ್ತಿರುವಾಗ, ತಾಳ್ಮೆಯನ್ನೇ ಕದ್ದು ಬೆಲೆ ಮಾತ್ರ ಪಡೆಯುವುದು ತಿನ್ನುವವರಿಗೆ ಬಗೆಯುವ ವಂಚನೆ.

ನಮ್ಮ ಕಡೆ

ಕೊಡಗಿನ ಪಂದಿಕರಿಯಾಗಲಿ, ಮಂಗಳೂರಿನ ಕ್ರೈಸ್ತ ಮನೆಗಳ ಹಂದಿ ಬಫಾತ್ ಆಗಲಿ, ಅಂದು ಕಡಿದ ಮಾಂಸ ಅಂದೇ ಒಲೆಗೇರುವ ಅಡುಗೆ. ತೊಗಲು, ನೆಣ, ಖಂಡ ಒಟ್ಟಿಗೆ ಬೇಯುವುದರಿಂದ ನೀರೊಸರುವ ಮಾಂಸದ ದೋಷ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಈಗ ಸಣ್ಣ ಪ್ರಮಾಣದಲ್ಲಿ ಸಾಸೇಜ್, ಬೇಕನ್ ಮಾಡುವವರಿಗೆ ಗೊತ್ತಾಗುತ್ತದೆ. ಅವರಿಗೆ ನಮ್ಮ ಪದ್ಧತಿಯಲ್ಲೊಂದು ಅನುಕೂಲವೂ ಇದೆ. ಬಿಗಿತ ಹಿಡಿಯುವ ಮುನ್ನ, ಇನ್ನೂ ಬಿಸಿಯಿರುವ ಮಾಂಸ ನೀರನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ಜರ್ಮನಿಯ ಹಳೆಯ ಕಟುಕರು ಇಂಥ ಬಿಸಿ ಮಾಂಸವನ್ನೇ ಅರೆದು, ಫಾಸ್ಫೇಟ್ ಇಲ್ಲದೆ ಸಾಸೇಜ್ ಮಾಡುತ್ತಿದ್ದರು. ಅರೆದು ಕೂಡಲೇ ಉಪ್ಪು ಬೆರೆಸಿದರೆ ಆ ಗುಣ ತಂಪುಪೆಟ್ಟಿಗೆಯಲ್ಲೂ ಉಳಿಯುತ್ತದೆ. ಆದರೆ ಅದು ಚೊಕ್ಕ ಹಲಗೆ, ಚೊಕ್ಕ ಕತ್ತಿ, ತಡವಿಲ್ಲದ ಕೈ ಇದ್ದವರ ಕೆಲಸ. ಬಿಸಿ ಮಾಂಸ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಪ್ರಿಯ, ಸಾಸೇಜ್‌ಗೆಂದು ಅರೆದಾಗ ಮೇಲ್ಮೈಯಲ್ಲಿದ್ದ ಕೊಳೆ ಒಳಗೆಲ್ಲ ಹರಡುತ್ತದೆ.

ನಮ್ಮಲ್ಲಿ ಎಡವುತ್ತಿರುವುದು ಸಾಗಣೆಯಲ್ಲಿ. ಕಾಲು ಕಟ್ಟಿ, ಆಟೋದ ತಳದಲ್ಲಿ ಒಂದರ ಮೇಲೊಂದು ಹೇರಿ, ಮಧ್ಯಾಹ್ನದ ಬಿಸಿಲಲ್ಲಿ ತಂದು ಇಳಿಸಿದ ತಕ್ಷಣ ಕಡಿಯುವುದು ಕಣ್ಣಿಗೆ ಬೀಳದ ದೃಶ್ಯವಲ್ಲ. ಹಂದಿಗೆ ಬೆವರಿ ಮೈ ತಣಿಸಿಕೊಳ್ಳಲು ಬರುವುದಿಲ್ಲ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು ಎಂದು 2001ರ ಕಸಾಯಿಖಾನೆ ನಿಯಮಗಳು ಹೇಳುತ್ತವೆ. ಆ ನಿಯಮ ಕರುಣೆಯಿಂದ ಹುಟ್ಟಿದ್ದು, ಕರುಣೆಯೇ ಅದಕ್ಕೆ ಸಾಕಷ್ಟು ಕಾರಣ. ಅದನ್ನು ಪಾಲಿಸಿದರೆ ಮಾಂಸವೂ ಉಳಿಯುತ್ತದೆ ಎಂಬುದು ಕಡಿಯುವವರಿಗೆ, ಮಾರುವವರಿಗೆ ಯಾರೂ ಕುಳಿತು ಹೇಳಿದಂತಿಲ್ಲ. ಮಾಂಸ ವಿಜ್ಞಾನದ ವಿಭಾಗವೂ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಮೈಸೂರಿನಲ್ಲೇ ಇದೆ. ಈ ತಿಳಿವು ಅಲ್ಲಿಂದ ಸಂತೆಯ ಅಂಗಡಿಯವರೆಗೆ ನಡೆದು ಬರಬೇಕಾಗಿದೆ. ಇದಕ್ಕೆ ಬೇಕಾದದ್ದು ದೊಡ್ಡ ಬಂಡವಾಳವಲ್ಲ. ನೆರಳು, ಕುಡಿಯಲು ನೀರು, ಮೈಮೇಲೆ ಎರಚಲು ಒಂದು ಪೈಪು, ಜೊತೆಗೆ ಬೆಳೆದವುಗಳನ್ನು ಜೊತೆಗೇ ಬಿಡುವುದು, ಎರಡು ಮೂರು ಗಂಟೆ ವಿಶ್ರಾಂತಿ.

ಕೊಳ್ಳುವವರೂ ಸ್ವಲ್ಪ ನೋಡಿ ಕೊಳ್ಳಬಹುದು. ಖಂಡ ತಿಳಿಗೆಂಪಾಗಿ, ಬೆರಳಿಟ್ಟರೆ ಮೇಲೆದ್ದು ಬರುವಂತಿರಬೇಕು. ನೆಣ ಬಿಳಿಯಾಗಿ, ಗಟ್ಟಿಯಾಗಿರಬೇಕು. ತಟ್ಟೆಯಲ್ಲಿ ನೀರು ಕಟ್ಟಿದ್ದರೆ ಬೇಡ. ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದಂತೂ ಸಾಸೇಜ್‌ಗೆ ಖಂಡಿತ ಬೇಡ. ಮಂಜಿನ ಹರಳುಗಳು ಎಳೆಗಳನ್ನು ಸೀಳಿ ನೀರನ್ನು ಹೊರಬಿಟ್ಟಿರುತ್ತವೆ. ಮಾರುವವರನ್ನು ಕೇಳಿ, ಹಂದಿ ಯಾವಾಗ ಬಂತು, ಯಾವಾಗ ಕಡಿದಿರಿ ಎಂದು. ಹಿಂದಿನ ಸಂಜೆಯೇ ತಂದು, ನೀರು ಕೊಟ್ಟು, ರಾತ್ರಿಯಿಡೀ ಮಲಗಲು ಬಿಟ್ಟಿದ್ದ ಹಂದಿಯಾದರೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಾಣಲೆಯಲ್ಲಿ ನೀರಾಗಿ ಹರಿದು ಹೋಗುವ ತೂಕಕ್ಕೂ ನೀವು ದುಡ್ಡು ಕೊಟ್ಟೇ ಕೊಟ್ಟಿರುತ್ತೀರಿ.